ಹಿಂದಕ್ಕೆ ಬಾಗಿ ಮಲಗಿದ ಬಿಲ್ಲು

ಒಮಾನಿಗೆ ಬಂದು ಒಂದು ಬೇಸಿಗೆಯನ್ನೂ ಪೂರ್ತಿ ಕಾಣದ ನಾನು ಒಂದು ಮಧ್ಯಾಹ್ನ ಕಾಲಿಡಬಾರದ ಬಾಗಿಲಿನಿಂದ ಒಳನುಗ್ಗಿ, ನಮ್ಮ ಮನೆಯೊಡೆಯರ ಮೇಲೆ ತುಳುವಿನಲ್ಲಿ ಕಿರುಚಿದೆ. “ಬುಡ್ಲೆ! ಅವೆನ್ ಬುಡ್ಲೆ!” ಬಿಡಿ, ಅದನ್ನು ಬಿಡಿ ಎಂದು. ಕೈಯಲ್ಲಿದ್ದ ತಟ್ಟೆ ಜಾರಿತು. ಗೋಳಿಬಜೆಗಳು ಕೆಂಪು ಕಾರ್ಪೆಟ್ಟಿನ ಮೇಲೆ ಉರುಳಿಕೊಂಡು ಹೋದವು.

ನಾವಿರುವ ನಿಜ್ವಾ ಊರಿನ ಮನೆಗಳಿಗೆ ಎರಡು ಬಾಗಿಲು. ಮುಂದಿನದು ಮಜ್ಲಿಸಿಗೆ, ಎಂದರೆ ಗಂಡಸರು ಅತಿಥಿಗಳೊಡನೆ ಕೂರುವ ಚಾವಡಿಗೆ. ಹೆಂಗಸರು ಹಿತ್ತಿಲ ಕಡೆಯಿಂದ ಹೋಗಬೇಕು. ನಾನೂ ಹಿತ್ತಿಲಿಗೇ ಹೊರಟಿದ್ದೆ. ಹಿಂದಿನ ದಿನ ಮನೆಯೊಡತಿ ಹಲ್ವಾ ಕಳುಹಿಸಿದ್ದ ತಟ್ಟೆ ಅದು. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಕ್ರಮ ನಮ್ಮೂರಲ್ಲೂ ಇಲ್ಲ, ಇಲ್ಲೂ ಇಲ್ಲ. ದಾರಿಯಲ್ಲಿ ಮಜ್ಲಿಸಿನ ಬಾಗಿಲು ತೆರೆದಿತ್ತು. ಒಳಗೆ ಮನೆಯೊಡೆಯ ಅಬು ನಾಸಿರರು ಒಂದು ಹುರಿಯ ಕುಣಿಕೆ ಹಿಡಿದು ನಿಂತಿದ್ದರು. ಅವರ ದೊಡ್ಡ ಮಗ ನಾಸಿರ್, ತನಗಿಂತ ಎತ್ತರದ ಒಂದು ಬಿಲ್ಲಿನ ತುದಿಯನ್ನು ಗೋಡೆಯ ಮೂಲೆಗೆ ಒತ್ತಿ, ನಡುವಿಗೆ ಮೊಣಕಾಲು ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಬಗ್ಗಿಸುತ್ತಿದ್ದ. ಪಕ್ಕದಲ್ಲಿ ಕಾರ್ಪೆಟ್ಟಿನ ಮೇಲೆ ಒಂದು ಗರಗಸ. ಬಿದಿರು ಕಿರ್ ಎಂದಿತು. ಆ ಸದ್ದಿಗೆ ನನ್ನ ಬಾಯಿಂದ ಹುಟ್ಟುಭಾಷೆಯೇ ಹೊರಬಿತ್ತು.

ಇವಳಿಗೆ ಯಾಕೆ ಬೇಕಿತ್ತು ಈ ಉಸಾಬರಿ ಎಂದು ನೀವು ಕೇಳಬಹುದು. ನನ್ನ ಹೆಸರು ವಾಣಿ, ಊರು ಪುತ್ತೂರು. ಮೈಸೂರಿನ ಒಂದು ಸಂಗ್ರಹಾಲಯದಲ್ಲಿ ಹಳೆಯ ಮರದ ವಸ್ತುಗಳನ್ನು ಕೆಡದಂತೆ ಕಾಯುವುದು ನನ್ನ ಕೆಲಸ: ಪಲ್ಲಕ್ಕಿ, ಪೆಟ್ಟಿಗೆ, ವೀಣೆ, ಯಾರದೋ ಊರುಗೋಲು. ಗಂಡ ದಿನೇಶ ಇಲ್ಲಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಗಳನ್ನು ನೋಡಿಕೊಳ್ಳುತ್ತಾರೆ. ವಿಡಿಯೊ ಕರೆಯಲ್ಲೇ ಸಂಸಾರ ಮಾಡಿ ಸಾಕಾಗಿ, ಸಂಬಳವಿಲ್ಲದ ಒಂದು ವರ್ಷದ ರಜೆ ಹಾಕಿ ನಾನು ಬಂದದ್ದು. ಈ ಬೇಸಿಗೆಯ ಕೊನೆಗೆ ರಜೆಯೂ ಮುಗಿಯುತ್ತದೆ. ತಿರುಗಿ ಹೋಗಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ. ದಿನೇಶರಿಗೆ ಹೇಳಿರಲಿಲ್ಲ. ನನ್ನ ಸೂಟ್‌ಕೇಸ್ ಬಂದ ದಿನ ಎಲ್ಲಿ ನಿಂತಿತ್ತೋ ಅಲ್ಲೇ, ಮಲಗುವ ಕೋಣೆಯ ಗೋಡೆಯ ಬುಡದಲ್ಲಿ ನಿಂತಿತ್ತು.

ಹೋಗಬೇಕೆನಿಸಲು ದೊಡ್ಡ ಕಾರಣವೇನೂ ಇಲ್ಲ. ಜನ ಒಳ್ಳೆಯವರು, ಮನೆ ದೊಡ್ಡದು, ಕಿಟಕಿಯಾಚೆ ಖರ್ಜೂರದ ತೋಟ. ಆದರೆ ಪುತ್ತೂರಿನಲ್ಲಿ ಒಂದು ಕಟ್ಟು ಬಸಳೆ ತರಲು ಹೋದರೆ ದಾರಿಯಲ್ಲಿ ಹತ್ತು ಜನ ಮಾತಾಡಿಸುತ್ತಾರೆ. ಇಲ್ಲಿ ಕಾರಿಲ್ಲದವಳಿಗೆ ಕಾಲೇ ಇಲ್ಲ. ನನಗೆ ಕಾರು ಬಿಡಲು ಬಾರದು. ಬೆಳಿಗ್ಗೆ ದಿನೇಶ ಹೊರಟ ಮೇಲೆ ಎತ್ತರದ ಕಾಂಪೌಂಡ್ ಗೋಡೆಯೊಳಗೆ ನಾನು, ಏಸಿಯ ಸದ್ದು, ಗೋಡೆಯಾಚೆ ಫಲಜಿನ ನೀರು. ಫಲಜ್ ಎಂದರೆ ಬೆಟ್ಟದ ಬುಡದಿಂದ ತೋಟಗಳಿಗೆ ನೀರು ತರುವ ಹಳೆಯ ಕಾಲುವೆ. ಅರಬರ ನಾಡಿಗೆ ಬಂದು ನಾನು ಕಲಿತದ್ದು ಹಿಂದಿ. ಅಬು ನಾಸಿರರಿಗೆ ಕನ್ನಡ ಬಾರದು, ನನಗೆ ಅರಬ್ಬಿ ಬಾರದು; ವ್ಯಾಪಾರ ಮಾಡಿ ಪಳಗಿದ ಅವರ ಹಿಂದಿ ನನ್ನದಕ್ಕಿಂತ ಎಷ್ಟೋ ಚಂದ. ಇಲ್ಲಿ ಬರೆದಿರುವ ಅವರ ಮಾತೆಲ್ಲ ಆ ಹಿಂದಿಯೇ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಊರಿನಲ್ಲಿ ಮರದ ವೈರಿ ನೀರು. ಮಳೆಗಾಲದಲ್ಲಿ ಕಪಾಟಿಗೆ ಬೂಷ್ಟು ಬರುತ್ತದೆ, ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಒಗೆದ ಬಟ್ಟೆ ಹಗ್ಗಕ್ಕೆ ಹಾಕಿ ಒಳಗೆ ಬರುವಷ್ಟರಲ್ಲಿ ಹಪ್ಪಳವಾಗುತ್ತದೆ. ನಾನು ಊರಿಂದ ತಂದ ಹಲಸಿನ ಮಣೆ ಮೊದಲ ತಿಂಗಳೇ ನಡುವಿಗೆ ಸೀಳಿತು.

ನನ್ನ ಕೂಗಿಗೆ ನಾಸಿರ್ ಮೊಣಕಾಲು ತೆಗೆದಿದ್ದ. ಅಬು ನಾಸಿರರು ಸಿಟ್ಟಾಗಲಿಲ್ಲ. ಅದು ನನಗೆ ಇನ್ನಷ್ಟು ಹೆದರಿಕೆ ತಂದಿತು.

“ಏನಾಯಿತು, ಯಾ ಬಿಂತಿ?” ಎಂದರು. ಮಗಳೇ ಎಂದು.

“ಅದನ್ನು ಆ ಕಡೆಗೆ ಬಗ್ಗಿಸಬೇಡಿ. ಮುರಿಯುತ್ತದೆ.”

“ಅದು ಆ ಕಡೆಗೇ ಬಾಗಿದೆಯಲ್ಲ, ಉಖ್ತಿ?” ಎಂದ ನಾಸಿರ್. ಉಖ್ತಿ ಎಂದರೆ ಅಕ್ಕ ಅಥವಾ ತಂಗಿ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಹುರಿ ಇಲ್ಲದ ಬಿಲ್ಲು ಒಂದು ಕಡೆಗೆ ಚೆನ್ನಾಗಿಯೇ ಬಾಗಿತ್ತು. ಯಾರು ನೋಡಿದರೂ ಆ ಬಾಗನ್ನೇ ಇನ್ನಷ್ಟು ಬಗ್ಗಿಸಿ ಎರಡು ತುದಿಗೆ ಹುರಿ ಕಟ್ಟಬೇಕು ಎಂದೇ ತಿಳಿಯುತ್ತಾರೆ.

“ನಿನಗೆ ಹೇಗೆ ಗೊತ್ತು?” ಎಂದು ಅಬು ನಾಸಿರರು ಕೇಳಿದರು.

ನಿಜ ಹೇಳಬೇಕೆಂದರೆ, ನನಗೆ ಗೊತ್ತಿರಲಿಲ್ಲ. ತರಬೇತಿಯ ದಿನಗಳಲ್ಲಿ, ಪದರ ಪದರವಾಗಿ ಅಂಟಿಸಿದ ವಸ್ತುಗಳ ಪಾಠದಲ್ಲಿ, ಜಪಾನಿನ ಬಿದಿರು ಬಿಲ್ಲಿನ ಒಂದು ಚಿತ್ರ ನೋಡಿದ್ದೆ, ಅಷ್ಟೆ. ಹುರಿ ಬಿಚ್ಚಿದರೆ ಅದು ಹಿಂದಕ್ಕೆ ತಿರುಗಿ ಬಾಗುತ್ತದೆ ಎಂಬ ಒಂದು ಮಾತು ತಲೆಯ ಯಾವುದೋ ಮೂಲೆಯಲ್ಲಿ ಉಳಿದಿತ್ತು. ಕೂಗಿದ್ದು ಆ ಮೂಲೆ. ಈಗ ಅದನ್ನು ಇಬ್ಬರು ಗಂಡಸರ ಮುಂದೆ ತೋರಿಸಿಕೊಡಬೇಕಿತ್ತು.

ಬಿಲ್ಲನ್ನು ಕಾರ್ಪೆಟ್ಟಿನ ಮೇಲೆ ಮಲಗಿಸಲು ಹೇಳಿ ಅದರ ಪಕ್ಕ ಕೂತೆ. ಮೈ ಜೇನಿನ ಬಣ್ಣ, ಗೆಣ್ಣುಗಳು ಎದ್ದು ಕಾಣುತ್ತಿದ್ದವು. ತುದಿಯಲ್ಲಿ ನೋಡಿದರೆ ಹೊರಗೆ ಎರಡೂ ಕಡೆ ಬಿದಿರ ಪಟ್ಟಿ, ಒಳಗೆ ಮರ, ಅದರ ನಡುವೆ ಮತ್ತೆ ಬಿದಿರು. ಪತ್ರೊಡೆಯ ಸುರುಳಿ ಕತ್ತರಿಸಿದಂತೆ. ಅಲ್ಲಲ್ಲಿ ಬೆತ್ತದ ಸುತ್ತು. ಕೆಳಭಾಗದಲ್ಲಿ ಗೀರಿದ ಕೆಲವು ಅಕ್ಷರಗಳು, ಮಾಡಿದವನ ಹೆಸರಿರಬೇಕು. ಕೈ ಹಿಡಿಯುವ ಕಡೆ ಸುತ್ತಿದ ಚರ್ಮ ಬಿಲ್ಲಿನ ನಡುವೆ ಇರಲಿಲ್ಲ, ಬಹಳ ಕೆಳಗಿತ್ತು.

ಆ ಚರ್ಮದ ಒಂದು ಮಗ್ಗುಲು ಅಂಗೈಯ ಬೆವರಿಗೆ ಕಪ್ಪಾಗಿ ನುಣುಪಾಗಿತ್ತು. ಹೆಬ್ಬೆರಳಿನ ಬುಡ ಒತ್ತುವ ಜಾಗ ಅದು, ಎಂದರೆ ಬಿಲ್ಲುಗಾರನ ಕಡೆ. ಆ ಮಗ್ಗುಲು ಬಾಗಿನ ಒಳಗಿರಲಿಲ್ಲ, ಹೊರಗಿತ್ತು. ತುದಿಗಳಲ್ಲಿ ಕುಣಿಕೆ ಉಜ್ಜಿದ ಗುರುತೂ ಹೊರಗಡೆಗೇ ಇತ್ತು. ಎರಡೆರಡು ಸಲ ನೋಡಿದೆ.

“ಹುರಿ ಕಟ್ಟುತ್ತಿದ್ದದ್ದು ಈ ಹೊರಮೈಯ ಕಡೆಯಿಂದ,” ಎಂದೆ. “ಈ ಬಾಗನ್ನು ಪೂರ್ತಿ ಆಚೆಗೆ ಮಗುಚಿ ಕಟ್ಟುತ್ತಾರೆ. ನೀವು ಬಗ್ಗಿಸುತ್ತಿದ್ದದ್ದು ಉಲ್ಟಾ. ಕೈಯನ್ನು ಮೊಣಕೈಯಲ್ಲಿ ಹಿಂದಕ್ಕೆ ಮಡಚಿದ ಹಾಗೆ.”

ನಾಸಿರ್ ತನ್ನ ಮೊಣಕೈ ಮುಟ್ಟಿಕೊಂಡ. ಅಬು ನಾಸಿರರು ನೆಲದ ಮೇಲೆ ಕೂತರು.

“ಹಾಗಾದರೆ ಇದು ನನ್ನಿಂದ ಬಾಗಿದ್ದಲ್ಲವೇ?”

ಅವರು ಹೇಳಿದ್ದು ಇಷ್ಟು. ನಾವೀಗ ಇರುವ ಮನೆಯಲ್ಲೇ ಬಹಳ ವರ್ಷದ ಹಿಂದೆ ಒಬ್ಬ ಜಪಾನಿ ಎಂಜಿನಿಯರ್ ಬಾಡಿಗೆಗಿದ್ದ. ಫಲಜುಗಳ ನೀರು ಅಳೆಯಲು ಬಂದವನು. ಬೆಳಿಗ್ಗೆ ಖರ್ಜೂರದ ಮರಗಳ ನಡುವೆ ಹುಲ್ಲಿನ ಕಟ್ಟು ಇಟ್ಟು ಬಾಣ ಬಿಡುತ್ತಿದ್ದ. ತಂದೆಗೆ ಕಾಯಿಲೆಯೆಂದು ಒಮ್ಮೆಗೇ ಹೊರಟ; ಅಷ್ಟುದ್ದದ ಬಿಲ್ಲು ವಿಮಾನಕ್ಕೆ ಆಗಲಿಲ್ಲ. ಬಟ್ಟೆ ಸುತ್ತಿ ಅಬು ನಾಸಿರರ ಕೈಗೆ ಕೊಟ್ಟು, ಬಂದು ಒಯ್ಯುತ್ತೇನೆ ಎಂದ. ಬರಲೇ ಇಲ್ಲ. ಇವರು ಬಿಚ್ಚಿ ನೋಡಲಿಲ್ಲ, ಪರರ ವಸ್ತು. ಒಂದು ವರ್ಷ ಕೆಳಗಿನ ಉಗ್ರಾಣಕ್ಕೆ ನೀರು ನುಗ್ಗಿದಾಗ ಅದನ್ನು ಮಹಡಿಯ ಕೋಣೆಗೆ ಸಾಗಿಸಿದರು. ಆಮೇಲೆ ಬಟ್ಟೆ ಬಿಚ್ಚಿದರೆ ಬಿಲ್ಲು ಹೀಗೆ: ಅಡ್ಡಾದಿಡ್ಡಿ ಬಾಗಿದೆ, ಹಿಡಿ ನಡುವಿಲ್ಲ. ಮಹಡಿಯ ಬಿಸಿಲಿಗೆ ಸೊಟ್ಟಗಾಯಿತು, ಸಾಗಿಸುವಾಗ ಕೆಳಗಿನ ತುಂಡು ಮುರಿದು ಎಲ್ಲೋ ಹೋಯಿತು ಎಂದೇ ಅವರು ನಂಬಿದರು. ಯಾರಿಗೂ ಹೇಳದೆ ಮತ್ತೆ ಸುತ್ತಿಟ್ಟರು. ಆ ಎಂಜಿನಿಯರ್ ತೀರಿಹೋಗಿದ್ದಾನೆ. ಈಗ ಅವನ ಮಗಳು ಫೋನ್ ಮಾಡಿದ್ದಾಳೆ, ಇದೇ ಗುರುವಾರ ಬರುತ್ತಾಳೆ.

ಹಾಗಾಗಿ ತಂದೆ ಮಗ ಸೇರಿ ರಿಪೇರಿಗೆ ಇಳಿದಿದ್ದರು. ಮೊದಲು ಹುರಿ ಕಟ್ಟುವುದು, ಆಮೇಲೆ ಹಿಡಿ ನಡುವೆ ಬರುವಂತೆ ಮೇಲಿನ ತುದಿಯನ್ನು ಗರಗಸದಿಂದ ಕೊಯ್ಯುವುದು!

“ಹಿಡಿ ಕೆಳಗಿರುವುದೇ ಈ ಬಿಲ್ಲಿನ ಜಾತಿ,” ಎಂದೆ. “ಏನೂ ಮುರಿದಿಲ್ಲ.”

ಇಲ್ಲಿ ಒಂದು ಪದ ಇದೆ, ಅಮಾನ. ನಂಬಿ ಒಪ್ಪಿಸಿದ ವಸ್ತು. ನಮ್ಮ ಕಡೆ ಅಮಾನತು ಎಂದರೆ ಕೆಲಸದಿಂದ ಹೊರಗಿಟ್ಟ ಯಾವನೋ ಗುಮಾಸ್ತ ನೆನಪಾಗುತ್ತಾನೆ. ಇಲ್ಲಿಯವರು ಅಮಾನ ನನ್ನ ಕುತ್ತಿಗೆಯ ಮೇಲಿದೆ ಎನ್ನುತ್ತಾರೆ. ಇಟ್ಟವನಿಗೆ ಇಟ್ಟ ಹಾಗೆ ಮರಳಿಸದೆ ಸತ್ತರೆ ಭಾರ ಸಮಾಧಿಗೂ ಬರುತ್ತದಂತೆ. ಆ ಬಿಲ್ಲಿಗೆ ಅಷ್ಟು ವರ್ಷ ಬಿಸಿಲು, ಗೆದ್ದಲು, ನೀರು ಯಾವುದೂ ಮಾಡದ ಕೇಡನ್ನು, ಅದನ್ನು ಸರಿಯಾಗಿ ಮರಳಿಸಬೇಕೆಂಬ ಹಂಬಲವೇ ಒಂದು ಮಧ್ಯಾಹ್ನದಲ್ಲಿ ಮಾಡಿಬಿಡುತ್ತಿತ್ತು.

“ಗುರುವಾರದವರೆಗೆ ನೀನು ಇಟ್ಟುಕೋ,” ಎಂದು ಅಬು ನಾಸಿರರು ಬಿಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. “ನಮ್ಮ ಕೈಗೆ ಇದು ಅರ್ಥವಾಗುವುದಿಲ್ಲ.”

ದಿನೇಶ ಡ್ಯೂಟಿ ಮುಗಿಸಿ ಬಂದು ಮಲಗುವ ಕೋಣೆಯಲ್ಲಿ ಬಿಲ್ಲು ನೋಡಿ ಬಾಗಿಲಲ್ಲೇ ನಿಂತರು.

“ನಿಂಗೆ ಎಂತಕ್ಕೆ ಬೇಕಿತ್ತು ಮಾರಾಯ್ತಿ ಇದು? ಮುರಿದ್ರೆ ನಮ್ಮ ತಲೆಗೆ ಬರ್ತದೆ. ಮನೆ ಖಾಲಿ ಮಾಡಿ ಅಂದ್ರೆ ಈ ಸೆಕೆಯಲ್ಲಿ ಎಲ್ಲಿಗೆ ಹೋಗುದು?”

“ಮುರಿಯುದಿಲ್ಲ. ನಾನು ನೋಡಿಕೊಳ್ತೇನೆ.”

“ಗೊತ್ತುಂಟಾ ನಿಂಗೆ, ಖಂಡಿತ?”

“ಇಲ್ಲ,” ಎಂದೆ. ಆಮೇಲೆ ಊಟಕ್ಕೆ ಬಡಿಸಿದೆ.

ಬಿಲ್ಲನ್ನು ನಾನು ನಮ್ಮ ಏಸಿ ಕೋಣೆಯಲ್ಲಿ ಇಟ್ಟಿದ್ದೆ. ಮೈಸೂರಿನ ರೂಢಿ ಅದು. ಅಲ್ಲಿ ಬೆಲೆಬಾಳುವುದೆಲ್ಲ ಏಸಿ ಕೋಣೆಗೆ ಹೋಗುತ್ತದೆ, ಏಕೆಂದರೆ ಮಳೆಗಾಲದ ತೇವವನ್ನು ಏಸಿ ಹೀರಿಬಿಡುತ್ತದೆ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಾಗ ಕೋಣೆಯಿಂದ ಟಪ್ ಎಂದು ಸದ್ದು ಬಂತು. ಮಣೆ ಸೀಳಿದ ದಿನವೂ ಇದೇ ಸದ್ದು. ಓಡಿದೆ. ಬಿಲ್ಲಿನ ಕೆಳತುದಿಯ ಬಳಿ ಬಿದಿರಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಹಳೆಯ ಬಿಲ್ಲುಗಳ ಅಂಟು ಪ್ರಾಣಿಯ ಚರ್ಮ ಕುದಿಸಿ ಮಾಡಿದ್ದು. ಅದಕ್ಕೆ ಅತಿ ನೀರೂ ಆಗದು, ಅತಿ ಒಣಗೂ ಆಗದು. ಒಣಗಿ ಒಣಗಿ ಸಾಯುತ್ತಿದ್ದ ಅಂಟಿನ ಮೇಲೆ ನಾನು ರಾತ್ರಿಯಿಡೀ ಒಣ ಗಾಳಿ ಊದಿದ್ದೆ.

ಏಸಿ ಆರಿಸಿದೆ. ಟವೆಲುಗಳನ್ನು ಒದ್ದೆ ಮಾಡಿ ಬಿಲ್ಲಿಗೆ ತಾಗದಂತೆ ಕೋಣೆಯ ಆಚೆ ಮೂಲೆಯಲ್ಲಿ ನೇತುಹಾಕಿದೆ. ಟಾರ್ಚ್ ಹಿಡಿದು ಸೀಳಿನೊಳಗೆ ನೋಡಿದೆ. ಅದರಲ್ಲಿ ಹೆಚ್ಚಿನ ಭಾಗ ಧೂಳು ತುಂಬಿ ಕಪ್ಪಾಗಿತ್ತು, ಎಂದರೆ ಹಳೆಯದು. ಕೊನೆಯ ಎರಡು ಬೆರಳಗಲ ಮಾತ್ರ ಒಳಗೆ ಹಸಿಬಿಳುಪು. ಅದು ಹೊಸದು. ನಾಸಿರನ ಮೊಣಕಾಲಿನದೋ ನನ್ನ ಏಸಿಯದೋ, ಯಾರು ಹೇಳಬೇಕು? ಮಧ್ಯಾಹ್ನ ಬಂದ ದಿನೇಶ, “ಸ್ವಲ್ಪ ಬಿಳಿ ಅಂಟು ಹಾಕಿ ಒತ್ತಿ ಹಿಡಿದ್ರೆ ಗೊತ್ತೇ ಆಗುದಿಲ್ಲ,” ಎಂದರು. ಗೊತ್ತಾಗುವುದಿಲ್ಲ, ನಿಜ. ಆದರೆ ಆ ಅಂಟು ಒಮ್ಮೆ ಹಿಡಿದರೆ ಬಿಲ್ಲು ಮಾಡುವವನಿಗೂ ಬಿಚ್ಚಲಾಗುವುದಿಲ್ಲ. ಹಳೆಯ ಹತ್ತಿ ಸೀರೆಯ ಅಂಚು ಹರಿದು ಸೀಳಿನ ಮೇಲೆ ಸಡಿಲವಾಗಿ ಸುತ್ತಿದೆ, ಇನ್ನಷ್ಟು ಬಿಚ್ಚದಿರಲಿ ಎಂದು. ಮತ್ತೆ ಗುರುವಾರದವರೆಗೆ ಆ ಕೋಣೆಯಲ್ಲಿ ಸೆಕೆಯಲ್ಲೇ ಬೆಂದೆವು. ದಿನೇಶ ಬೈಯಲಿಲ್ಲ. ಟವೆಲು ಒಣಗಿದಾಗಲೆಲ್ಲ ಎದ್ದು ಒದ್ದೆ ಮಾಡಿದ್ದು ಅವರೇ.

ಗುರುವಾರ ಎಂಜಿನಿಯರನ ಮಗಳು ನವೋಕೊ ಬಂದಳು. ಐವತ್ತರ ಹತ್ತಿರದ ಹೆಂಗಸು, ತಲೆಗೆ ಬಿಸಿಲಿನ ಟೋಪಿ, ತುಂಬ ಮೆಲುದನಿ. ಈ ಸಲ ದಿನೇಶರ ಜೊತೆ ನನ್ನನ್ನೂ ಮುಂಬಾಗಿಲಿನಿಂದಲೇ ಮಜ್ಲಿಸಿಗೆ ಕರೆದರು; ನಾಸಿರನೂ ಇದ್ದ. ಅವಳಿಗೆ ಇಂಗ್ಲಿಷ್, ಅಬು ನಾಸಿರರಿಗೆ ಹಿಂದಿ, ನಡುವೆ ನಾನು. ಕಾಫಿ, ಖರ್ಜೂರ ಆದ ಮೇಲೆ ಅಬು ನಾಸಿರರು ಬಿಲ್ಲನ್ನು ಅವಳ ಮುಂದೆ ಇರಿಸಿದರು.

“ಅವಳಿಗೆ ಹೇಳು,” ಎಂದರು ನನ್ನ ಕಡೆ ನೋಡದೆ. “ಇದನ್ನು ನಾನು ಬಿಸಿ ಕೋಣೆಯಲ್ಲಿ ಇಟ್ಟೆ. ನನ್ನ ಮಗ ತಪ್ಪು ಕಡೆಗೆ ಬಗ್ಗಿಸಿದ. ಗರಗಸ ತಂದಿದ್ದನ್ನೂ ಹೇಳು.”

ಗರಗಸದ ಮಾತು ಹೇಳುವಾಗ ನನ್ನ ನಾಲಿಗೆ ತಡವರಿಸಿತು. ನವೋಕೊಳ ಮುಖದಲ್ಲಿ ಏನೂ ಕಾಣಲಿಲ್ಲ. ಸೀಳಿನ ಸಂಗತಿ ಇನ್ನೂ ಉಳಿದಿತ್ತು. ಸೀರೆಯ ಅಂಚು ಬಿಚ್ಚಿ ತೋರಿಸಿ, ಇಷ್ಟು ಹಳೆಯದು, ಇಷ್ಟು ಹೊಸದು, ಹೊಸದರಲ್ಲಿ ನನ್ನ ಪಾಲೂ ಇರಬಹುದು ಎಂದೆ. ಅದನ್ನೇ ಹಿಂದಿಯಲ್ಲೂ ಹೇಳಿದೆ.

“ಇಲ್ಲ,” ಎಂದರು ಅಬು ನಾಸಿರರು. “ನನ್ನ ಸೂರಿನಡಿ ಆದದ್ದು ನನ್ನದೇ.”

ನವೋಕೊ ಬಿಲ್ಲಿನ ಬೆನ್ನಿನ ಮೇಲೆ ಬೆರಳಾಡಿಸಿದಳು, ಅಕ್ಷರಗಳ ಬಳಿ ಬೆರಳು ನಿಂತಿತು. ಕಾಲು ಚಾಚಲು ಹೋದ ನನ್ನ ಹಿಮ್ಮಡಿ ಬಿಲ್ಲಿನ ತುದಿಗೆ ತಾಗಿತು. ಊರಿನ ಅಭ್ಯಾಸದಂತೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ನವೋಕೊ ಅದನ್ನು ನೋಡಿದಳು. ಎದ್ದು, ಯಾರೂ ದಾಟಿ ಹೋಗದಂತೆ ಬಿಲ್ಲನ್ನು ಗೋಡೆಯ ಬುಡಕ್ಕೆ ಉದ್ದಕ್ಕೆ ಮಲಗಿಸಿ, ಅದಕ್ಕೆ ತಲೆಬಾಗಿದಳು. ಆಮೇಲೆ ಅಬು ನಾಸಿರರಿಗೂ ಹಾಗೆಯೇ ಬಾಗಿದಳು.

“ಇದು ಸೊಟ್ಟಗಾಗಿಲ್ಲ, ಮಲಗಿದೆ ಎಂದು ಅವರಿಗೆ ಹೇಳಿ,” ಎಂದಳು. “ಹುರಿ ಬಿಚ್ಚಿದ ಬಿಲ್ಲು ಹಿಂದಕ್ಕೆ ಬಾಗಿ ಮಲಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಸೀಳನ್ನು ಬಿಲ್ಲು ಮಾಡುವವರು ಸರಿಮಾಡುತ್ತಾರೆ. ಕೊಯ್ದಿದ್ದರೆ ಯಾರಿಂದಲೂ ಆಗುತ್ತಿರಲಿಲ್ಲ.”

ನಾನು ಹಿಂದಿಯಲ್ಲಿ ಹೇಳಿ ಮುಗಿಸುವ ಮೊದಲೇ ಅಬು ನಾಸಿರರು ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು. ಯಾಕೆ ಸುಳ್ಳು ಹೇಳಲಿ, ಅವರ ಸಲುವಾಗಿ ಅರ್ಧ, ಆ ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕೆಲಸ ಮಾಡಿದ್ದಕ್ಕೆ ಅರ್ಧ.

ಅಲ್ಲಿಗೆ ಖಲಾಸ್, ಮುಗಿಯಿತು ಎಂದುಕೊಂಡೆ. ಆಗಲಿಲ್ಲ. ನವೋಕೊ ಬಿಲ್ಲನ್ನು ಈಗ ಒಯ್ಯುವ ಹಾಗಿಲ್ಲ ಎಂದಳು. ಅವಳ ಊರಲ್ಲಿ ಈಗ ಮಳೆಗಾಲ. ಇಷ್ಟು ವರ್ಷ ಇಲ್ಲಿಯ ಒಣ ಗಾಳಿಗೆ ಒಗ್ಗಿದ ಬಿದಿರು ಒಮ್ಮೆಗೇ ಆ ತೇವಕ್ಕೆ ಹೋದರೆ ಉಬ್ಬಿ ಪೂರ್ತಿ ಬಿಚ್ಚಿಕೊಳ್ಳಬಹುದು. ಚಳಿಗಾಲ ಬರಲಿ, ಆಗ ಅಲ್ಲೂ ಗಾಳಿ ಒಣಗುತ್ತದೆ, ತಾನೇ ಬಂದು ಒಯ್ಯುತ್ತೇನೆ, ಅಲ್ಲಿಯವರೆಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು.

“ಇಲ್ಲ,” ಎಂದರು ಅಬು ನಾಸಿರರು. ಅವರ ದನಿ ಅಷ್ಟು ಗಟ್ಟಿಯಾದದ್ದನ್ನು ನಾನು ಕೇಳಿರಲಿಲ್ಲ. “ಅವಳ ಅಪ್ಪನೂ ಬಂದು ಒಯ್ಯುತ್ತೇನೆ ಎಂದೇ ಹೋದ. ನಾನು ಮುದುಕ. ಇಂದು ಇದು ನನ್ನ ಕುತ್ತಿಗೆಯಿಂದ ಇಳಿಯಬೇಕು. ನಾಸಿರ್, ವಾಣಿಯ ಗಂಡ, ಇಬ್ಬರೂ ಸಾಕ್ಷಿ. ಒಪ್ಪಿಸಿದ್ದೇನೆ.”

ಒಯ್ಯಲಾಗದ ಮಗಳು, ಇಟ್ಟುಕೊಳ್ಳಲಾಗದ ಮುದುಕ, ಗೋಡೆಯ ಬುಡದಲ್ಲಿ ಬಿಲ್ಲು. ನವೋಕೊ ನಾಸಿರನ ಕಡೆ ನೋಡಿದಳು. ಅವನು ತನ್ನ ಮೊಣಕಾಲು ನೋಡಿಕೊಂಡು ಬೇಡವೆಂದು ತಲೆಯಾಡಿಸಿದ. ಆಮೇಲೆ ನನ್ನ ಕಡೆ ನೋಡಿದಳು.

“ಆಯ್ತು,” ಎಂದೆ. ಕನ್ನಡದಲ್ಲೇ. ಎಲ್ಲರಿಗೂ ಅರ್ಥವಾಯಿತು.

ಮನೆಗೆ ಬಂದ ಮೇಲೆ ದಿನೇಶ ನೀರು ಕುಡಿಯುತ್ತ, “ನಿನ್ನ ರಜೆ ಬೇಸಿಗೆಗೇ ಮುಗಿತದಲ್ಲ?” ಎಂದು ಕೇಳಿದರು.

“ಮುಗಿತದೆ.”

“ಹೋಗ್ಲಿಕ್ಕೆ ಹೊರಟಿದ್ದಿ ಅಂತ ನಂಗೆ ಗೊತ್ತುಂಟು. ಸೂಟ್‌ಕೇಸ್ ಇವತ್ತಿನವರೆಗೆ ಮೇಲೆ ಹಾಕ್ಲಿಲ್ಲ ನೀನು.”

ಬಿಲ್ಲಿಗೆ ಉದ್ದದ, ಯಾರೂ ದಾಟದ ಒಂದು ಗೋಡೆ ಬೇಕಿತ್ತು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ. ಸೂಟ್‌ಕೇಸನ್ನು ದಿನೇಶ ಎತ್ತಿ ಕಪಾಟಿನ ಮೇಲಿಟ್ಟರು. ಅದು ನಿಂತಿದ್ದ ಜಾಗದಲ್ಲಿ ಬಿಲ್ಲು ಮಲಗಿತು.

ಮೈಸೂರಿನಿಂದ ನಮ್ಮ ಮೇಡಂ ಫೋನ್ ಮಾಡಿ, “ಯಾವಾಗ ಬರ್ತೀರ ವಾಣಿ?” ಎಂದು ಕೇಳಿದ್ದಾರೆ. ಚಳಿಗಾಲದವರೆಗೆ ರಜೆ ವಿಸ್ತರಿಸಲು ಕೇಳಿಕೊಂಡಿದ್ದೇನೆ, ಸಿಗುತ್ತದೋ ಇಲ್ಲವೋ. ಕಾರಣ ಕೇಳಿದ್ದಕ್ಕೆ, ಇಲ್ಲಿ ಒಂದು ವಸ್ತು ನನ್ನ ಕುತ್ತಿಗೆಯ ಮೇಲಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಎದ್ದು ಟವೆಲು ಒದ್ದೆ ಮಾಡಿ ಹಾಕುತ್ತೇನೆ, ಸೀಳು ಬೆಳೆದಿದೆಯೇ ಎಂದು ನೋಡುತ್ತೇನೆ, ಗೋಡೆಯಾಚೆಯಿಂದ ಅಬು ನಾಸಿರರು ಬಿಂತಿ, ನೀನು ಹೇಗಿದ್ದೀ, ಬಿಲ್ಲು ಹೇಗಿದೆ ಎಂದು ಒಂದೇ ಉಸಿರಿಗೆ ಕೇಳುತ್ತಾರೆ. ನವೋಕೊ ಬೇಗ ಬಂದು ಒಯ್ಯಲಿ ಎಂದು ಹಾರೈಸಬೇಕಾದವಳು ನಾನು. ಅದು ಹೋದ ಮರುದಿನ ಆ ಗೋಡೆಯ ಬುಡದಲ್ಲಿ ಸೂಟ್‌ಕೇಸ್ ತಂದು ನಿಲ್ಲಿಸುತ್ತೇನೋ ಇಲ್ಲವೋ ತಿಳಿಯದೆ, ಹಾರೈಸಲು ಹೆದರುತ್ತೇನೆ.